ಬದ್ಮಾಶ್ ಎಂದವರ ರವಿವಾರ

ನಮ್ಮ ಹಿಂದಿ ಮಾಸ್ತರರ ಗಡ್ಡದ ತುದಿ ಮದರಂಗಿಯಿಂದ ಕೆಂಪಾಗಿತ್ತು, ಬುಡ ಬೆಳ್ಳಗಿತ್ತು, ನಡುವೆ ಸದಾ ಒಂದಿಷ್ಟು ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಅಂಟಿರುತ್ತಿತ್ತು. ಯಾವುದಾದರೊಂದು ಶಬ್ದದ ಮೂಲ ನೆನಪಾಗಿ ಹುರುಪೇರಿದರೆ ಅವರು ಖಡು ಹಿಡಿದ ಕೈಯಿಂದಲೇ ಗಡ್ಡ ಸವರಿಕೊಳ್ಳುವರು. ಗಡ್ಡ ಎಷ್ಟು ಬೆಳ್ಳಗಾಗಿದೆ ಎಂಬುದನ್ನು ನೋಡಿಯೇ, ಹಿಂದಿನ ತರಗತಿಯಲ್ಲಿ ಪಾಠ ಎಷ್ಟು ರಂಗೇರಿತ್ತೆಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಅವರು ದಿನವೂ ಮಸ್ಕಿಯಿಂದ ಬಸ್ಸಿನಲ್ಲಿ ಬಳಗಾನೂರಿನ ನಮ್ಮ ಶಾಲೆಗೆ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಪಾಠದಲ್ಲಿ ಹಿಂದಿ, ಉಳಿದೆಲ್ಲಕ್ಕೂ ನಮ್ಮೂರಿನ ಕನ್ನಡ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಇಂದು ಸಿಂಧನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಕಲಿಸುತ್ತಿದ್ದೇನೆ. ಹಾಗೆ ಕಲಿಸುವ ಭಾಗ್ಯ ನನಗೆ ದೊರೆತದ್ದು ಆ ಹಿಂದಿ ಮಾಸ್ತರರಿಂದ, ಅದೂ ಒಂದು ಬೈಗುಳದ ಮೂಲಕ ಎಂದರೆ ಓದುಗರು ನಂಬುವುದು ಕಷ್ಟ.

ನಮ್ಮಪ್ಪ ಊರಿನ ನೀರಗಂಟಿ. ತೂಬಿನಿಂದ ಹೊಲಗಾಲುವೆಗೆ ಬಿಟ್ಟ ನೀರನ್ನು ಪಾಳಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೂ ಮುಟ್ಟಿಸುವುದು ಆತನ ಕೆಲಸ; ಅದಕ್ಕೆ ಸುಗ್ಗಿಯಲ್ಲಿ ರೈತರು ಕೊಡುವ ಭತ್ತವೇ ನಮ್ಮ ವರ್ಷದ ಅನ್ನ. ನೀರು ಬಂದರೆ ಅದು ಕಾಲುವೆಯ ಗುಣ, ಬಾರದಿದ್ದರೆ ನೀರಗಂಟಿಯ ಕಳ್ಳತನ. ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಬೇಸಿಗೆ ಬೆಳೆಗೆ ಕಡೆಯ ಹೊಲಗಳಿಗೆ ನೀರೇ ಹೋಗಲಿಲ್ಲ. ಅಪ್ಪ ನೀರು ಮಾರಿಕೊಳ್ಳುತ್ತಾನೆಂದು ಊರಿನ ಸಾಹುಕಾರರು ಮಾತು ಎತ್ತಿದರು. ಬರುವ ಮಂಗಳವಾರ ಸಂಜೆ ಊರಕಟ್ಟೆಗೆ ಕೂಡಿ ಆತನನ್ನು ಕೆಲಸದಿಂದ ಬಿಡಿಸುವುದೆಂದು ನಿಶ್ಚಯವಾಯಿತು. ಹಾಗಾದರೆ ನನ್ನ ಶಾಲೆ ಅಲ್ಲಿಗೆ ಮುಗಿದಂತೆ. ಅವ್ವನ ಜೊತೆ ನಾನೂ ನಾಟಿ ಕೂಲಿಗೆ ಹೊರಡಬೇಕಾಗಿತ್ತು.

ಅದೇ ವಾರ ನನ್ನ ಪಕ್ಕ ಕೂರುತ್ತಿದ್ದ ಅನ್ನಪೂರ್ಣಾ, ಸಾಹುಕಾರರ ಮಗಳು, ಯಾವುದೋ ಸಣ್ಣ ಜಗಳದಲ್ಲಿ ಅಂದಳು: "ನಿಮ್ಮಪ್ಪ ಬದ್ಮಾಶ್. ನೀರು ಮಾರ್ಕೊಂಡು ತಿಂತಾನ."

ಬಾಗಿಲಲ್ಲಿ ಹಿಂದಿ ಮಾಸ್ತರರು ನಿಂತಿದ್ದರು.

"ಯಾರಂದ್ರು ಅದನ್ನ?"

ಅನ್ನಪೂರ್ಣಾ ಎದ್ದು ನಿಂತಳು. "ನಾನ್ರೀ ಸರ. ನಮ್ಮಪ್ಪಾರು ಅಂತಾರ್ರಿ."

ಬೇರೆ ಮಾಸ್ತರರಾದರೆ ಬೆತ್ತ ಎತ್ತುತ್ತಿದ್ದರು. ಇವರ ಮುಖವೋ ಬಹುಕಾಲದ ನೆಂಟ ಸಿಕ್ಕಂತೆ ಅರಳಿತ್ತು. "ಕುಂದ್ರಬ್ಯಾಡ, ಹಂಗ ನಿಂದ್ರು. ಭಾಳ ದೂರದಿಂದ ಬಂದ ಶಬ್ದ ಇದು, ನಿಂತೇ ಮಾತಾಡಿಸಬೇಕು" ಎಂದು ಹಲಗೆಯ ಮೇಲೆ ಆ ಶಬ್ದವನ್ನು ಎರಡು ತುಂಡಾಗಿ ಬರೆದರು.

"ಬದ್ ಅಂದ್ರ ಕೆಟ್ಟದ್ದು. ಫಾರ್ಸಿ."

ಹಿಂದಿನ ಬೆಂಚಿನವನೊಬ್ಬ, "ಇಂಗ್ಲಿಷಿನ್ಯಾಗೂ ಬ್ಯಾಡ್ ಐತಲ್ರೀ ಸರ, ಎರಡೂ ಒಂದ ಏನ್ರಿ?" ಎಂದ.

"ವಾರೆವಾ. ಕೇಳೋದು ಹಿಂಗ ಕೇಳಬೇಕು." ಖಡುವಿನ ಕೈ ಗಡ್ಡಕ್ಕೆ ಹೋಯಿತು. "ಮಸ್ಕಿ ಬಸ್ಸಿನ್ಯಾಗ ನನ್ನಂಗ ಕೆಂಪು ಗಡ್ಡದಾಂವ ಇನ್ನೊಬ್ಬ ಕುಂತಿರ್ತಾನ. ಅಣ್ತಮ್ರೇನ್ರಿ ಅಂತ ಕಂಡಕ್ಟರ್ ಕೇಳ್ತಾನ. ಅಂವ ಯಾರೋ, ನಾ ಯಾರೋ. ಇವೂ ಹಂಗ. ನೋಡಾಕ ಒಂದ, ಮನಿತನ ಬ್ಯಾರೆ."

ಆಮೇಲೆ ಮಾಶ್. ಅದು ಅರಬ್ಬಿ, ಅದರ ಅರ್ಥ ಹೊಟ್ಟೆಪಾಡು. "ಐಷಾರಾಮ ಅಂತೀರಲ್ಲ, ಅದರಾಗಿನ ಐಶೂ ಈ ಮಾಶೂ ಒಂದ ಮನಿಯಾಗ ಹುಟ್ಟಿದ್ವು. ಒಬ್ಬ ಗಾದಿ ಮ್ಯಾಲೆ ಕುಂತ, ಒಬ್ಬ ದುಡಿಯಾಕ ಹೋದ." ನಿಜಾಮರ ಕಾಲದಲ್ಲಿ ಪೂಜೆ ಮಾಡುವವರಿಗೂ ಮಸೀದಿ ನೋಡಿಕೊಳ್ಳುವವರಿಗೂ ಹೊಟ್ಟೆಪಾಡಿಗೆಂದು ಬಿಟ್ಟ ಭೂಮಿಗೆ ಮಾಶ್ ಎಂದೇ ಹೆಸರಿತ್ತಂತೆ. ಅಷ್ಟು ಮರ್ಯಾದೆಯ ಶಬ್ದ. "ಅದರ ಮುಂದ ಬದ್ ಬಂದು ಕುಂತಿತು. ಕೆಟ್ಟ ದಾರಿಲೆ ಹೊಟ್ಟಿ ಹೊರಕೊಳ್ಳಾಂವ ಬದ್ಮಾಶ್. ಈ ಶಬ್ದ ಪೊಲೀಸರ ಕೈಗೆ ಸಿಕ್ಕ ಮ್ಯಾಲಂತೂ ಯಾರ ಹೊಟ್ಟಿಪಾಡು ಕಣ್ಣಿಗೆ ಕಾಣವಲ್ದೋ ಅವರೂ ಬದ್ಮಾಶ್ ಆದ್ರು. ಊರೂರು ತಿರಗಾವ್ರು, ಆಟ ಆಡಿ ತೋರಸಾವ್ರು. ಕಾಣಲಿಲ್ಲ ಅಂದ್ರ ದುಡಿಮಿ ಇಲ್ಲ ಅಂತ ಅಲ್ಲ. ನೋಡಾಕ ಯಾರೂ ಹೋಗಿಲ್ಲ ಅಂತ."

ಇಷ್ಟು ಹೇಳುವ ಹೊತ್ತಿಗೆ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇನ್ನು ಬರುವುದು ಅವರ ಕಾಯ್ದೆ ಎಂದು ಇಡೀ ತರಗತಿಗೆ ತಿಳಿದಿತ್ತು. ಯಾರಾದರೂ ಇನ್ನೊಬ್ಬರನ್ನು ಬದ್ಮಾಶ್ ಎಂದರೆ, ಅಂದವರು ಒಂದು ರವಿವಾರ ಹೋಗಿ ಅವರ ಹೊಟ್ಟೆಪಾಡನ್ನು ನೋಡಿ ಬರಬೇಕು. ಬೇರೆ ಶಿಕ್ಷೆ ಇಲ್ಲ. ಹಿಂದೊಮ್ಮೆ ಹಾಗೆ ಅಂದ ಹುಡುಗನೊಬ್ಬ ಕುರಿ ಮೇಯಿಸಿ ಬಂದಿದ್ದ, ಇನ್ನೊಬ್ಬ ಗುಜರಿ ತಳ್ಳುಬಂಡಿ ನೂಕಿ ಬಂದಿದ್ದ.

"ನಾ ಕಾಲವಿ ನಡೀಬೇಕೇನ್ರಿ ಸರ?" ಎಂದಳು ಅನ್ನಪೂರ್ಣಾ.

"ನಡೀಬೇಕು ಬೇಟಾ. ಕೊಡಿ ತಗೊಂಡು ಹೋಗು, ಬಿಸಿಲೈತಿ."

ರವಿವಾರ ಬೆಳಿಗ್ಗೆ ಅಪ್ಪ ಮುಂದೆ, ಹೆಗಲ ಮೇಲೆ ಸಲಿಕೆ. ಹಿಂದೆ ಕೊಡೆ ಹಿಡಿದ ಅನ್ನಪೂರ್ಣಾ, ಅವಳ ಹಿಂದೆ ನಾನು. ಅಪ್ಪ ಒಂದು ಕಡೆ ಕಸ ತೆಗೆದ, ಒಂದು ಕಡೆ ಏಡಿ ಕೊರೆದ ತೂತು ಮುಚ್ಚಿದ. ಸಾಹುಕಾರರ ಗದ್ದೆಯ ಒಡ್ಡು ಬಂದಾಗ ಮಾತ್ರ ಅವನ ನಡಿಗೆ ಚುರುಕಾಯಿತು. ಅನ್ನಪೂರ್ಣಾ ನಿಂತುಬಿಟ್ಟಳು. ಒಡ್ಡಿನೊಳಗೆ ಗುಳುಗುಳು ಸದ್ದು. ಬಗ್ಗಿ ಗೋಣಿಚೀಲ ಸರಿಸಿದಳು. ಕೆಳಗೆ ತೊಡೆ ಗಾತ್ರದ ಪೈಪು, ಕಾಲುವೆಯ ನೀರನ್ನೆಲ್ಲ ಅವಳಪ್ಪನ ಗದ್ದೆಗೆ ನುಂಗಿಸುತ್ತಿತ್ತು.

"ಕಾಕಾ, ಇದು ಯಾವಾಗಿಂದ ಐತಿ?"

"ನಡಿಯವ್ವ, ಬಿಸಿಲೇರಾಕತ್ತೈತಿ" ಎಂದ ಅಪ್ಪ. ಗೋಣಿಚೀಲವನ್ನು ಮೊದಲಿದ್ದಂತೆಯೇ ಹೊದಿಸಿದ. ಅದನ್ನು ಬಾಯಿಬಿಟ್ಟರೆ ಊರಲ್ಲಿ ತನ್ನ ಮಾತು ನಡೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಸೋಮವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ, ಅನ್ನಪೂರ್ಣಾ ನನ್ನ ಕೈ ಹಿಡಿದುಕೊಂಡೇ ಪೈಪಿನ ಸಂಗತಿಯನ್ನು ಮಾಸ್ತರರಿಗೆ ಹೇಳಿದಳು. ಹೇಳಿ, "ಹಂಗಾದ್ರ ನಮ್ಮಪ್ಪನ ಬದ್ಮಾಶ್ ಏನ್ರಿ ಸರ?" ಎಂದಳು.

ಮಾಸ್ತರರು ಗಡ್ಡ ಮುಟ್ಟಿಕೊಳ್ಳಲಿಲ್ಲ. "ಆ ಶಬ್ದ ನಿನ್ನ ಬಾಯಾಗ ಬ್ಯಾಡ. ನಾಳೆ ಕಟ್ಟಿಗೆ ನಾ ಬರ್ತೀನಿ" ಎಂದರು.

ಮಂಗಳವಾರ ಸಂಜೆ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಅವ್ವನೂ ನಾನೂ ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ನಿಂತಿದ್ದೆವು. ಅಪ್ಪ ಕೆಳಗೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಮಾಸ್ತರರು ಊಟದ ಡಬ್ಬಿಯ ಚೀಲ ಹಿಡಿದೇ ಬಂದರು.

"ಮಾಸ್ತರ, ನಿಮ್ಮ ಬಸ್ ಹೋದೀತು ನೋಡ್ರಿ" ಎಂದರು ಸಾಹುಕಾರರು.

"ಹೋಗ್ಲಿ ಬಿಡ್ರಿ ಸಾವ್ಕಾರ್ರ, ಅದು ನಾಳಿಗೂ ಬರತೈತಿ. ಒಂದು ಮಾತು ಕೇಳ್ತೀನಿ. ಇವನ್ನ ಬದ್ಮಾಶ್ ಅಂದಾವ್ರು ಯಾರ್ಯಾರು? ಕೈ ಎತ್ರಿ."

ನೆರೆದವರಲ್ಲಿ ಅನೇಕರು ಅವರ ಹಳೆಯ ವಿದ್ಯಾರ್ಥಿಗಳೇ. ನಗುತ್ತಲೇ ಒಂದೊಂದು ಕೈ ಮೇಲೆದ್ದಿತು. ಸಾಹುಕಾರರೂ ಎತ್ತಿದರು.

"ಶಾಬಾಸ್. ನಮ್ಮ ಸಾಲಿ ಕಾಯ್ದೆ ಗೊತ್ತೈತೆಲ್ಲ. ನಾಳೆ ಹೊತ್ತು ಮೂಡಿದ ಮ್ಯಾಲೆ ಎಲ್ಲಾರೂ ಇವನ ಹಿಂದ ಕಾಲವಿ ನಡೀಬೇಕು. ತೂಬಿನಿಂದ ಕಡೀ ಹೊಲದ ತನಕ. ಬಿಡಿಸೋದು ಇಟ್ಟುಕೊಳ್ಳೋದು ಆಮ್ಯಾಲಿನ ಮಾತು."

"ಸರ, ನಾವೇನು ಒಂಬತ್ತನೇತ್ತೆ ಹುಡುಗ್ರೇನ್ರಿ?" ಎಂದನೊಬ್ಬ.

"ನೀ ಒಂಬತ್ತನೇತ್ತೆ ಪಾಸಾಗಿದ್ದು ಯಾವಾಗಲೇ?"

ಕಟ್ಟೆಯೆಲ್ಲ ನಕ್ಕಿತು. ನಕ್ಕ ಮೇಲೆ ಒಲ್ಲೆ ಎನ್ನುವುದು ಯಾರಿಗೂ ಆಗಲಿಲ್ಲ. ಸಾಹುಕಾರರು ಮಾತ್ರ ಕೆಲಸವಿದೆ ಎಂದು ಬೇಗ ಎದ್ದು ಹೋದರು.

ಮಾಸ್ತರರು ಅಂದು ನಮ್ಮೂರ ಮಸೀದಿಯಲ್ಲೇ ಉಳಿದರು. ಬೆಳಿಗ್ಗೆ ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಮುಂದೆ ನಿಂತಿದ್ದರು. ಕೈ ಎತ್ತಿದ್ದ ಸಾಹುಕಾರರೂ ಬಂದು ಸಾಲಿಗೆ ಸೇರಿದರು. ಸಾಹುಕಾರರ ಒಡ್ಡಿಗೆ ಬಂದೆವು. ಪೈಪು ಇರಲಿಲ್ಲ. ಆ ಜಾಗದಲ್ಲಿ ಈಗಷ್ಟೇ ಮೆತ್ತಿದ ಹಸಿ ಕೆಸರು. ಸಾಲು ತಾನಾಗಿಯೇ ನಿಂತಿತು. ಎಲ್ಲರೂ ಅದನ್ನು ನೋಡಿದರು. ಯಾರೂ ಸಾಹುಕಾರರ ಮುಖ ನೋಡಲಿಲ್ಲ.

"ಮಣ್ಣು ಹೊಸದೈತಿ ಸಾವ್ಕಾರ್ರ" ಎಂದು ಮಾಸ್ತರರು ಅವರ ತೋಳು ಹಿಡಿದರು. "ಕಾಲು ಜಾರೀತು, ನೋಡಿ ನಡೀರಿ."

ನಾವು ಕಡೆಯ ಹೊಲ ಮುಟ್ಟುವ ಮೊದಲೇ ನೀರು ಅಲ್ಲಿಗೆ ಮುಟ್ಟಿತ್ತು. ಬಿರುಕು ಬಿಟ್ಟ ಗದ್ದೆ ಸುಯ್ ಎಂದು ನೀರು ಕುಡಿಯುವ ಸದ್ದನ್ನು ನಾನು ಈಗಲೂ ಕೇಳಬಲ್ಲೆ. ಅಪ್ಪನನ್ನು ಬಿಡಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಮಾಸ್ತರರನ್ನು ನಾನು ಕೇಳಿದೆ: "ಪೈಪಿಂದು ಎಲ್ಲಾರ ಮುಂದ ಯಾಕ ಹೇಳಲಿಲ್ರಿ ಸರ?"

"ಮಗಳು ನೋಡ್ಯಾಳ. ಅದಕಿಂತ ಹೆಚ್ಚು ಯಾರು ನೋಡಬೇಕು?" ಎಂದರು.

ಕಳೆದ ವರ್ಷ ಲಿಂಗಸುಗೂರಿನ ವಿಚಾರಸಂಕಿರಣವೊಂದರಲ್ಲಿ ನಾನು ಈ ಶಬ್ದದ ಚರಿತ್ರೆಯನ್ನೇ ಕುರಿತು ಪ್ರಬಂಧ ಮಂಡಿಸಿದೆ. ತಪ್ಪಾದೀತೆಂಬ ಭಯದಿಂದ ಪ್ರತಿಯೊಂದನ್ನೂ ನಿಘಂಟಿನಲ್ಲಿ ನೋಡಿಕೊಂಡಿದ್ದೆ. ಮಾಸ್ತರರು ಹೇಳಿದ್ದರಲ್ಲಿ ತಿದ್ದುವಂಥದ್ದು ಸಿಗಲಿಲ್ಲ. ಹಿಂದಿನ ದಿನ ಫೋನು ಮಾಡಿದಾಗ ಅವರ ಉಸಿರು ಕಟ್ಟುತ್ತಿತ್ತು, ಹುರುಪು ಮಾತ್ರ ಹಾಗೆಯೇ ಇತ್ತು: "ಐಶ್ ಬಿಡಬ್ಯಾಡ ಬೇಟಾ. ಬಸ್ಸಿನ ಗಡ್ಡದಾಂವನ್ನೂ ಬಿಡಬ್ಯಾಡ, ಜನ ನಗ್ತಾರ." ಜನ ನಕ್ಕರು. ಕೊನೆಗೆ ಸಭೆಯ ಹಿರಿಯರೊಬ್ಬರು ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ನಾನು, ನಮ್ಮಪ್ಪ ನೀರಗಂಟಿ ಎಂಬಲ್ಲಿಂದ ಉತ್ತರ ಆರಂಭಿಸಿದೆ. ತುಂಬಿದ ಸಭೆಯಲ್ಲಿ ಆ ಮಾತನ್ನು ಆಡಿದ್ದು ಅದೇ ಮೊದಲು.

ಈ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ನಾನೂ ಅನ್ನಪೂರ್ಣಾಳೂ ಮಸ್ಕಿಯ ಅವರ ಮನೆಯಲ್ಲಿ ಹೆಂಗಸರೊಡನೆ ಕುಳಿತಿದ್ದೆವು. ಮಣ್ಣು ಕೊಡಲು ಹೋದ ಗಂಡಸರಲ್ಲಿ ನಮ್ಮಪ್ಪನೂ ಅವಳಪ್ಪನೂ ಇದ್ದರು. ನಮ್ಮೂರಿಂದ ಇಬ್ಬರೂ ಒಂದೇ ಬಸ್ಸಿಗೆ ಬಂದಿದ್ದರು. ಕೈಗೆ ಹತ್ತಿದ ಮಣ್ಣನ್ನು ತೊಳೆಯದೆಯೇ ಅಪ್ಪ ಬಂದು ಅಂಗಳದಲ್ಲಿ ಕುಳಿತ. ನನ್ನನ್ನು ಹತ್ತಿರ ಕರೆದು ನನಗೊಬ್ಬಳಿಗೇ ಹೇಳಿದ: ಗೋರಿಗೆ ತೋಡಿದ ಕುಣಿಯ ಅಂಚಿಗೆ ಹೋದಾಗ ಸಾಹುಕಾರರು ಹಿಂದಿನಿಂದ ಬಂದು ಅವನ ತೋಳು ಹಿಡಿದರಂತೆ.

"ಮಣ್ಣು ಹೊಸದೈತಿ ತಮ್ಮ, ನೋಡಿ ನಡಿ" ಎಂದರಂತೆ.