ಬಾಯಿಗೆ ಬಾರದ ಢಾವಲೋ

ಮಗಳು ಅನುಷಾಳ ಮದುವೆಯ ದಿನ ರುಕಲಿಬಾಯಿ ಒಂದು ಕಡೆ ಕೂತವಳಲ್ಲ. ತುಂಬಿದ ಕೊಡವನ್ನೇ ಮತ್ತೆ ತುಂಬಲು ಹೋದಳು, ಗುಡಿಸಿದ ಅಂಗಳವನ್ನೇ ಗುಡಿಸಿದಳು. ಕುಷ್ಟಗಿ ಕಡೆಯ ಆ ತಾಂಡಾದಲ್ಲಿ ಹೆಣ್ಣು ಗಂಡನ ಮನೆಗೆ ಹೊರಡುವಾಗ ತಾಯಿ ಮಗಳು ಕೊರಳು ತಬ್ಬಿ, ಲಂಬಾಣಿ ಮಾತಿನಲ್ಲಿ ಹಾಡಿಕೊಂಡು ಅಳಬೇಕು. ಅದಕ್ಕೆ ಢಾವಲೋ ಎನ್ನುತ್ತಾರೆ. ರುಕಲಿಗೆ ಅದು ಬರುತ್ತಿರಲಿಲ್ಲ.

ಆರು ವರ್ಷದವಳಿದ್ದಾಗ ಅವಳನ್ನು ದೂರದ ವಸತಿ ಶಾಲೆಗೆ ಸೇರಿಸಿದ್ದರು. ಹೊಟ್ಟೆತುಂಬ ಊಟ, ಮೈತುಂಬ ಬಟ್ಟೆ ಕೊಟ್ಟರು, ಸುಳ್ಳು ಹೇಳಬಾರದು. ಆದರೆ ತಾಂಡಾದ ಮಾತು ಬಾಯಿಂದ ಬಿತ್ತೋ, ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು. ಹತ್ತನೇ ತರಗತಿ ಮುಗಿಸಿ ಬಂದಾಗ ಅವ್ವನ ಮಾತು ಕಿವಿಗೆ ತಿಳಿಯುತ್ತಿತ್ತು, ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ತನ್ನ ಮದುವೆಯಲ್ಲಿ ಅವಳು ಸುಮ್ಮನೆ ನಿಂತಿದ್ದಳು. "ಕಲ್ಲೆದಿಯಾಕಿ" ಎಂದಿದ್ದರು ಗಂಡನ ಕಡೆಯ ಹೆಂಗಸರು.

ಅನುಷಾ ಹಾಗಲ್ಲ, ಸೋದರತ್ತೆಯ ಬೆನ್ನುಹತ್ತಿ ಢಾವಲೋ ಕಲಿತಿದ್ದಳು. ಆ ಸೋದರತ್ತೆಯೇ ಈಗ ರುಕಲಿಯನ್ನು ಹುಡುಕಿಕೊಂಡು ಒಳಗೆ ಬಂದಳು. "ವೈನಿ, ಹಡದಾಕಿ ನೀನ ಅಳದಿದ್ರ ಹ್ಯಾಂಗ? ಬಾ ಹೊರಗ" ಎಂದು ಕೈಹಿಡಿದು ಎಳೆದೊಯ್ದಳು.

ಮಗಳು ಕೊರಳಿಗೆ ಬಿದ್ದು ರಾಗ ಎತ್ತಿದಳು. ರುಕಲಿ ಅವಳನ್ನು ಅಪ್ಪಿಕೊಂಡಳು. ಅವಳ ಬಾಯಿಂದ "ಯಾಡೀ..." ಎಂಬ ಕೂಗು ಹೊರಬಂತು. ಸತ್ತುಹೋದ ಅವ್ವನನ್ನು ಅವಳು ಅವ್ವನ ಮಾತಿನಲ್ಲೇ ಕರೆದಿದ್ದಳು. ಸುತ್ತ ನಿಂತವರೆಲ್ಲ ಕಣ್ಣೊರೆಸಿಕೊಂಡರು.

ಮರುಕ್ಷಣವೇ ರುಕಲಿ ಮಗಳನ್ನು ಬಿಟ್ಟು, ಆರು ವರ್ಷದ ಹುಡುಗಿಯಂತೆ ಎರಡೂ ಕೈಗಳನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.