ಬಿಚ್ಚಬಾರದ ತಾಯಿತ

ನರೀನ್ ಕಣಿವೆಯ ಆ ಹಳ್ಳಿಯಲ್ಲಿ ದಾದಿ ಬುರುಲ್ಚಾಳ ಮಾತಿಗೆ ಎದುರಾಡುವವರಿರಲಿಲ್ಲ, ಬೇಶೆನ್ ಅಜ್ಜ ಒಬ್ಬರನ್ನು ಬಿಟ್ಟು. ಊರಿನವರ ಬಿಪಿ, ಸಕ್ಕರೆ ಕಾಯಿಲೆಗಳೆಲ್ಲ ಅವಳಿಗೆ ಬಾಯಿಪಾಠ. ಬೆಟ್ಟದ ಕೆಸರು ಇಳಿದು ಸೇತುವೆ ಹೋದಾಗಲೆಲ್ಲ ಔಷಧಿಗೆ ಪರದಾಟ. "ಹದಿನಾಲ್ಕು ಗುಳಿಗೆ ಬೇರೆ ಎತ್ತಿಡಿ" ಎಂದರೆ ಜನ ತಲೆಯಾಡಿಸಿ ಮರೆಯುತ್ತಿದ್ದರು. ಓಡುವಾಗ ಗುಳಿಗೆ ಮರೆಯುವವರು ಕೊರಳಿನ ತಾಯಿತ ಮರೆಯುವುದಿಲ್ಲವಲ್ಲ! ಕಳೆದ ಚಳಿಗಾಲದಲ್ಲಿ ಅವಳು ಗುಳಿಗೆಗಳನ್ನೇ ಮೂರು ಮೂಲೆಯ ಕೆಂಪು ಬಟ್ಟೆಯೊಳಗೆ ಹೊಲಿದು, ಕಾಯಿಲೆಯವರ ಕೊರಳಿಗೆಲ್ಲ ಕಟ್ಟಿದಳು. ಅಜ್ಜನಿಗೆ ಮಾತ್ರ ಇನ್ನೊಂದು ಮಾತು ಸೇರಿಸಿದಳು: "ಸುಮ್ಮಸುಮ್ಮನೆ ಬಿಚ್ಚಬೇಡಿ, ನಿಮ್ಮ ಜೀವ ಇದರಲ್ಲಿದೆ."

ಆ ಮಾತೇ ಅವಳಿಗೆ ತಿರುಗುಬಾಣವಾಯಿತು.

ಈ ಮೇ ತಿಂಗಳಲ್ಲಿ ಕೆಸರು ಸೇತುವೆಯನ್ನೂ ಅವಳ ಔಷಧದ ಕೋಣೆಯನ್ನೂ ಒಯ್ದಿತು. ಊರೆಲ್ಲ ದಿಬ್ಬದ ಮೇಲಿನ ಶಾಲೆ ಸೇರಿತು. ಉಳಿದವರು ತಾಯಿತ ಹರಿದು ಗುಳಿಗೆ ನುಂಗಿದರು. ಅಜ್ಜ ಮುಟ್ಟಲಿಲ್ಲ. ಮೂರನೆಯ ದಿನ ಬುರುಲ್ಚಾ ಅವರ ಬಿಪಿ ನೋಡಿದಳು: ಇನ್ನೂರ ಹತ್ತು! ರಸ್ತೆ ತೆರೆಯಲು ಇನ್ನೂ ಒಂದು ವಾರ.

"ತಾಯಿತ ಕೊಡಿ ಅಜ್ಜ."

"ಕೆಸರು ನಮ್ಮನೆ ಬಾಗಿಲ ತನಕ ಬಂದು ತಿರುಗಿ ಹೋಯ್ತು. ಇದಿತ್ತು ಅಂತ ತಾನೆ? ಇದಕ್ಕೇ ಕತ್ತರಿ ಹಾಕ್ತೀಯಾ?"

"ಹೊಲಿದವಳು ನಾನೇ! ಒಳಗಿರೋದು ಗುಳಿಗೆ!"

"ಬಿಚ್ಚಬೇಡಿ ಅಂದವಳೂ ನೀನೇ."

ಪಕ್ಕದಲ್ಲಿ ಬೋರ್ಸೊಕ್ ಹಿಟ್ಟಿನ ತುಂಡು ಕರಿಯುತ್ತಿದ್ದ ಸಾಯ್ರಾ, ಅಜ್ಜನ ಹೆಂಡತಿ, ಹಣೆ ಚಚ್ಚಿಕೊಂಡಳು. "ಹೇಸರಗತ್ತೆನಾದ್ರೂ ಹೊಳೆ ದಾಟಿಸಬಹುದು, ಈ ಮುದುಕನ್ನ ಆಗಲ್ಲ ಕಣೇ."

ಕೊನೆಗೆ ರಾಜಿಯಾಯಿತು. ದಿನಾ ಬೆಳಿಗ್ಗೆ ಎರಡೇ ಹೊಲಿಗೆ ಬಿಚ್ಚಿ, ಒಂದೇ ಗುಳಿಗೆ ತೆಗೆದು, ಬಿಸ್ಮಿಲ್ಲಾ ಹೇಳಿ ಮತ್ತೆ ಹೊಲಿಯುವುದು. ಅಜ್ಜ ಕುರಿಯ ಹಾಗೆ ಕತ್ತು ಚಾಚಿ ಕೂರುತ್ತಿದ್ದರು. ನೋಡಲು ಶಾಲೆಯೇ ನೆರೆಯುತ್ತಿತ್ತು. ಬಿಪಿ ಇಳಿಯಿತು.

ಹಾಗೆ ಮೂರು ಗುಳಿಗೆ ಆದವು. ನಾಲ್ಕನೆಯ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲಾಗದೆ ಬುರುಲ್ಚಾ ಗೋಡೆಗೆ ಒರಗಿದಳು.

"ನಿನಗೂ ಬಿಪಿ ಅಲ್ವೇನೇ? ಇದೇ ಗುಳಿಗೆ ಅಲ್ವಾ ನಿಂದೂ?" ಎಂದಳು ಸಾಯ್ರಾ.

"ನಂದು ಕೋಣೆ ಜೊತೆ ಹೋಯ್ತು."

"ತಾಯಿತ?"

"ಮೂವತ್ತೊಂದು ಹೊಲಿದೆ ಅಕ್ಕ. ನನಗೆ ಹೊಲ್ಕೊಳ್ಳೋದೇ ಮರೆತೆ."

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಎಂದು ಬೈಯುತ್ತಲೇ ಸಾಯ್ರಾ ಕಣ್ಣೊರೆಸಿಕೊಂಡಳು. ಪಾಪ, ಊರಿನ ನಾಡಿಯನ್ನೆಲ್ಲ ಹಿಡಿದವಳ ನಾಡಿ ಹಿಡಿಯಲು ಯಾರೂ ಇರಲಿಲ್ಲ.

ಅಜ್ಜ ಕೊರಳಿನಿಂದ ತಾಯಿತ ತೆಗೆದು, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ದಾರ ಕಚ್ಚಿ ಹರಿದು, ಎಲ್ಲವನ್ನೂ ಅವಳ ಮಡಿಲಿಗೆ ಸುರಿದರು.

"ಎಣಿಸು ಮಗಳೇ."

"ಹನ್ನೊಂದು. ಇಬ್ಬರಿಗೂ ಐದೈದು ದಿನಕ್ಕಾಗುತ್ತೆ ಅಜ್ಜ. ಒಂದು ಮಿಗುತ್ತೆ."

"ಮಿಕ್ಕಿದ್ದನ್ನ ಒಳಗಿಟ್ಟು ಹೊಲಿ. ನಿನ್ನ ಕೊರಳಿಗೆ ನಾನು ಕಟ್ತೀನಿ." ಅಜ್ಜ ಹರಿದ ಕೆಂಪು ಬಟ್ಟೆಯನ್ನು ಅವಳ ಕೈಗಿಟ್ಟರು. "ಬೇಕಾದಾಗ ಬಿಚ್ಕೊ."