ರಾಗಿ ಮಿಲ್ಲಿನ ಮೇಲಿನ ನಂಜಮ್ಮಣ್ಣಿ ಟೀಚರ್

ಆ ಭಾನುವಾರ ಕನಕಪುರದ ರಾಗಿ ಮಿಲ್ಲಿನ ಮಹಡಿಯಲ್ಲಿದ್ದವರು ನಾವಿಷ್ಟೇ: ನಂಜಮ್ಮಣ್ಣಿ ಟೀಚರ್, ಮಿಲ್ಲಿನ ಯಜಮಾನ ರುದ್ರಪ್ಪ, ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ನಾನು, ಮತ್ತೆ ಗೋಡೆಯ ಮೇಲಿದ್ದ ಚಿತ್ರ ಬರೆದ ಮರಳವಾಡಿಯ ಸಿದ್ದರಾಜು. ಅವನು ತನ್ನ ಚಿತ್ರಕ್ಕೇ ಬೆನ್ನು ಹಾಕಿ ಕೂತಿದ್ದ. ಅದು ಟೀಚರ್ ಮಾಡಿದ ಕಟ್ಟಳೆ. ಬರೆದವನು ಬಾಯಿ ಬಿಡಬಾರದು, ತಿರುಗಿಯೂ ನೋಡಬಾರದು. “ನೀನು ಹೇಳೋದನ್ನ ಬಣ್ಣದಲ್ಲಿ ಹೇಳಾಯ್ತಲ್ಲ, ಇನ್ನು ಒಸಿ ಸುಮ್ಕಿರು” ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ, ರುದ್ರಪ್ಪನನ್ನು ಕಾಡಿ ಬೇಡಿ ಮೂಟೆ ಒಟ್ಟುತ್ತಿದ್ದ ಮಹಡಿಯನ್ನು ಬಿಡಿಸಿಕೊಂಡು, ಸುಣ್ಣ ಹೊಡೆಸಿ, ಸುತ್ತಮುತ್ತಲಿನವರ ಚಿತ್ರಗಳನ್ನು ತೂಗುಹಾಕಿದ್ದರು. ವಾರವೆಲ್ಲ ಮಿಲ್ಲು ಓಡಿದರೆ ಚೌಕಟ್ಟುಗಳು ಅದುರಿ ಸೊಟ್ಟಗಾಗುತ್ತಿದ್ದವು, ಮೇಲೆ ಹಿಟ್ಟು ಕೂರುತ್ತಿತ್ತು. ಭಾನುವಾರ ಮಿಲ್ಲಿಗೆ ರಜ. ಟೀಚರ್ ಸೆರಗಿನಿಂದ ಒಂದೊಂದನ್ನೇ ಒರೆಸಿ ನೆಟ್ಟಗೆ ಮಾಡಿ, ಬಂದವರನ್ನು ಒಂದು ಚಿತ್ರದ ಮುಂದೆ ಕೂರಿಸುತ್ತಿದ್ದರು. ಕಂಡದ್ದನ್ನು ಮಾತ್ರ ಹೇಳಬೇಕು.

ಮೊದಲ ದಿನ ನಾನು “ಬಹಳ ಚೆನ್ನಾಗಿದೆ ಟೀಚ್ರೇ” ಎಂದುಬಿಟ್ಟೆ. ಕಣ್ಣು ಮುಚ್ಚು ಎಂದರು. ಮುಚ್ಚಿದೆ.

“ಎಮ್ಮೆ ಯಾವ ಕಡೆ ತಿರುಗೈತೆ?”

ಎಮ್ಮೆ ಇದ್ದದ್ದೇ ನನಗೆ ಜ್ಞಾಪಕವಿರಲಿಲ್ಲ.

“ಸೀರೆ ಆದ್ರೆ ಎಳೆ ಎಳೆ ನೋಡ್ತೀಯ. ಎಮ್ಮೆ ಏನಪ್ಪ ಪಾಪ ಮಾಡಿತ್ತು? ಚೆನ್ನಾಗೈತೆ ಅಂದ್ರೆ ನೋಡೋದು ನಿಲ್ಲಿಸ್ದೆ ಅಂತ ಅರ್ಥ.”

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಮರಳವಾಡಿಯವರೆಲ್ಲ ಸೇರಿ, ಯಾರೂ ಕಾರ್ಖಾನೆಗೆ ಜಮೀನು ಕೊಡಲು ಒಪ್ಪಕೂಡದು ಎಂದು ಮಾತು ಮಾಡಿಕೊಂಡಿದ್ದರು. ಆದರೂ ಯಾರೋ ಒಬ್ಬರು ಗುಟ್ಟಾಗಿ ಹೊಲ ಅಳತೆ ಮಾಡಿಸಿಕೊಟ್ಟಿದ್ದಾರೆ ಎಂಬ ಸುದ್ದಿ ಎದ್ದಿತ್ತು. ಯಾರು ಎಂದು ಗೊತ್ತಿರಲಿಲ್ಲ.

ಹಿಂದಿನ ಭಾನುವಾರ ಸಿದ್ದರಾಜು ಈ ಚಿತ್ರ ತಂದ. ನನ್ನ ಅಂಗಡಿಯ ಕೋರಾ ಬಟ್ಟೆಯ ಮೇಲೆ ಬರೆದದ್ದು. ಹೊಲದ ಬದುವಿನ ಮೇಲೆ ಒಬ್ಬ ಗಂಡಸು ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಕೈಯಲ್ಲಿ ಅಳತೆ ಸರಪಳಿಯ ತುದಿ, ತಲೆಗೆ ಕೆಂಪಂಚಿನ ಹಸಿರು ಚೌಕಳಿ ವಸ್ತ್ರ. ರುದ್ರಪ್ಪ ತಡೆಯಲಾರದೆ ಕೂಗಿದ: “ಇದು ಹೊಂಬಯ್ಯನ ತಲೆವಸ್ತ್ರ ಕಣ್ರೀ! ರಾಗಿ ಬೀಸಕ್ಕೆ ಬಂದಾಗೆಲ್ಲ ನೋಡಿಲ್ವಾ ನಾನು?”

ಹೊಂಬಯ್ಯ ಎಂದರೆ ಸಿದ್ದರಾಜುವಿನ ಒಡಹುಟ್ಟಿದ ಅಣ್ಣ.

“ಕಂಡದ್ದು ಹೇಳು ಅಂದ್ರೆ ಹೆಸರು ಹೇಳ್ತೀಯಲ್ಲ!” ಎಂದು ಟೀಚರ್ ಗದರಿದರು. ಸಿದ್ದರಾಜು ಏನೋ ಹೇಳಲು ಬಾಯಿ ತೆರೆದ. ಟೀಚರ್ ಅಭ್ಯಾಸದಂತೆ ಬೆರಳೆತ್ತಿದರು. ಅವನು ಬಾಯಿ ಮುಚ್ಚಿದ. ಹೆಸರು ಮಾತ್ರ ಮೆಟ್ಟಿಲಿಳಿದು ಮರಳವಾಡಿ ಮುಟ್ಟಿತು. ಹೊಂಬಯ್ಯ ಟೀ ಅಂಗಡಿಯಲ್ಲಿ ಕೂತರೆ ಪಕ್ಕದವರು ಎದ್ದುಹೋಗತೊಡಗಿದರು. ಅವನಿಗೆ ಊರಿನಲ್ಲಿ ತಲೆಯೆತ್ತಿ ತಿರುಗುವುದೇ ಕಷ್ಟವಾಯಿತು.

ಹೀಗಾಗಿ ಆ ಭಾನುವಾರ ಮೆಟ್ಟಿಲ ಮೇಲೆ ಧಡಧಡ ಸದ್ದಾದಾಗ ಯಾರು ಬಂದರೆಂದು ನಾವು ಕೇಳಬೇಕಾಗಿರಲಿಲ್ಲ. ಹೊಂಬಯ್ಯನ ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲಿತ್ತು.

“ಎಲ್ಲವ್ವ ಅದು, ನನ್ನ ಮಾನ ಕಳೆದ ಚಿತ್ರ?”

“ಹೊಂಬಯ್ಯ, ಒಸಿ ನಿಧಾನ...” ರುದ್ರಪ್ಪ ಎದ್ದ.

“ನೀ ಸುಮ್ಕಿರು ಸಾವ್ಕಾರ. ನಿನ್ ಬಾಯಿಂದ್ಲೇ ಹೊಂಟಿದ್ದು ಇದು!”

ಸಿದ್ದರಾಜು “ಅಣ್ಣಾ, ನಾನು...” ಎಂದ.

“ಸಿದ್ದರಾಜು, ಕೂತ್ಕ” ಎಂದರು ಟೀಚರ್.

ನನಗೆ ಮೈಯೆಲ್ಲ ಉರಿಯಿತು. “ಟೀಚ್ರೇ, ಇವತ್ತಾದ್ರೂ ಅವನಿಗೆ ಮಾತಾಡಕ್ಕೆ ಬಿಡಿ” ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಎದ್ದು ಹೋಗಿ ಚಿತ್ರದ ಪಕ್ಕಕ್ಕೆ ನಿಂತರು, ಅಡ್ಡವಾಗಿ ಅಲ್ಲ.

“ಹರಿಯೋದಾದ್ರೆ ಹರಿಯಪ್ಪ ಹೊಂಬಯ್ಯ. ನಾನು ತಡಿಯಾಕಿಲ್ಲ. ಆದ್ರೆ ನೋಡಿ ಹರಿ. ನೀನಿನ್ನೂ ನೋಡೇ ಇಲ್ಲ, ಜನ ಹೇಳಿದ್ದನ್ನ ಕೇಳಿದ್ದೀಯ ಅಷ್ಟೆ.”

ಹೊಂಬಯ್ಯ ಕುಡುಗೋಲು ಹಿಡಿದುಕೊಂಡೇ ಚಿತ್ರದ ಹತ್ತಿರ ಹೋದ. ಟೀಚರ್ ಇನ್ನೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೇಳಿದರು:

“ಏನು ಕಾಣ್ತದೆ?”

“ಬದು ನಮ್ದೇಯ” ಎಂದ ಅವನು. “ಹುಣಸೆಮರ ನಮ್ದೇಯ. ವಸ್ತ್ರ... ವಸ್ತ್ರಾನೂ ನಂದೇಯ.” ಆಮೇಲೆ ಬಗ್ಗಿದ. ಬಹಳ ಹೊತ್ತು ನೋಡಿದ. “ಸರಪಣಿ ಎಡಗೈಲೈತೆ.”

ಹೊಂಬಯ್ಯ ನಿಧಾನವಾಗಿ ತಮ್ಮನ ಕಡೆ ತಿರುಗಿದ.

“ನಮ್ಮನೇಲಿ ಎಡಚ ಒಬ್ನೇ ಕಣ್ಲಾ.”

ಹೊಂಬಯ್ಯ ಚಿತ್ರದ ವಸ್ತ್ರದ ಮೇಲೆ ಬೆರಳಿಟ್ಟ.

“ಅಳತೆಯೋರು ಬಂದಿದ್ರಂತಲ್ಲ, ಆವತ್ತು ಕನಕಪುರಕ್ಕೆ ಹೋಯ್ತೀನಿ ಅಂದಿದ್ದೆ ನೀನು. ಬಿಸ್ಲು ಅಂತ ನನ್ ತಲೇಲಿದ್ದ ವಸ್ತ್ರ ಬಿಚ್ಚಿ ನಿಂಗೆ ನಾನೇ ಸುತ್ತಿ ಕಳ್ಸಿದ್ನಲ್ಲೋ.”

“ಈಗ ಹೇಳಪ್ಪ” ಎಂದರು ಟೀಚರ್.

“ಬಾಯಲ್ಲಿ ಹೇಳಕ್ಕೆ ಧೈರ್ಯ ಬರ್ನಿಲ್ಲ ಅಣ್ಣ” ಎಂದ ಸಿದ್ದರಾಜು. “ಊರೋರು ನಿನ್ನ ಅಂದಾಗ್ಲೂ ಬರ್ನಿಲ್ಲ.”

ಹೊಂಬಯ್ಯ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಹರಿಯಾಕಿಲ್ಲ ಕಣವ್ವ. ಇದರಲ್ಲಿರೋದು ನಿಜ” ಎಂದವನೇ ಇಳಿದುಹೋದ.

ಟೀಚರ್ ಬಂದು ನಮ್ಮ ಪಕ್ಕ ಕೂತರು. “ಹೋದ್ವಾರ ಇವನು ಬಾಯಿ ತೆಗೆದಿದ್ದ. ಮುಚ್ಚಿಸಿದ್ದು ನಾನು” ಎಂದರು. ಅಂದಿನಿಂದ ಆ ಕಟ್ಟಳೆ ಎದ್ದುಹೋಯಿತು. ಬರೆದವರು ನಮ್ಮ ಜೊತೆಯಲ್ಲೇ ಕೂತು, ಬೇಕಾದಾಗ ಮಾತಾಡತೊಡಗಿದರು. ಟೀಚರ್ ಮಾತ್ರ ಮೊದಲಿನಷ್ಟು ಗದರುತ್ತಿರಲಿಲ್ಲ.

ಅಣ್ಣತಮ್ಮಂದಿರ ಒಲೆ ಬೇರೆಯಾಯಿತು. ಸಿದ್ದರಾಜು ಮತ್ತೆ ಮಹಡಿ ಹತ್ತಲಿಲ್ಲ. ಹುಣಸೆಮರ ಹೋಗಿ ಅಲ್ಲಿ ಕಾರ್ಖಾನೆಯ ಕಾಂಪೌಂಡು ಬಂತು. ಟೀಚರ್ ಒಮ್ಮೆ ಬಸ್ಸು ಹತ್ತಿ ಮರಳವಾಡಿಗೆ ಹೋಗಿ ಹೊಂಬಯ್ಯನ ಜಗಲಿಯ ಮೇಲೆ ಕೂತು ಬಂದರಂತೆ. ಕಾಫಿ ಕೊಟ್ಟ, ಮಾತಾಡಲಿಲ್ಲ ಎಂದರು. ಆಮೇಲೆ ಅವರಿಗೆ ಉಬ್ಬಸ ಜೋರಾಯಿತು. ಒಂದು ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರು.

ನಾನೂ ರುದ್ರಪ್ಪನೂ ಮಹಡಿ ಖಾಲಿ ಮಾಡುತ್ತಿದ್ದ ದಿನ ಹೊಂಬಯ್ಯ ಲಗೇಜ್ ಆಟೋ ತಂದು ನಿಲ್ಲಿಸಿ, ಆ ಚಿತ್ರ ಬೇಕು ಎಂದ.

“ಎಲ್ಲಿಗೆ ಹೊಂಬಯ್ಯ?” ಎಂದೆ.

“ನಾಳೆ ನಮ್ ಸಿದ್ದನ ಹೊಸಮನೆ ಒಕ್ಕಲು. ನಂಗೆ ಹೇಳಿಲ್ಲ. ಯಾವ ಮಖ ಇಟ್ಕಂಡು ಹೇಳಾನು ಅವನು? ನಾನೇ ಹೋಯ್ತೀನಿ.”

ಮಾರನೆಯ ದಿನ ಅವನು ಆ ಮನೆಯಲ್ಲಿ ಚಿತ್ರವನ್ನು ತಮ್ಮನ ಕೈಗೆ ಕೊಟ್ಟು, ಅವನ ಪಕ್ಕದ ಎಲೆಗೆ ಕೂತು ಊಟ ಮಾಡಿದನಂತೆ.